ವಾಹನ ದೀಪದ ದೋಷಕ್ಕೆ ಬಂದ ದಂಡ: ತೆರಬೇಕಾದುದೆಂದು, ಪ್ರಶ್ನಿಸಬೇಕಾದುದೆಂದು?

ಹೊರನಾಡಿನ ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಇಂದು ವಾಹನವಿಲ್ಲದ ಮನೆ ಅಪರೂಪ. ವಾಹನವಿದ್ದ ಮೇಲೆ ಒಂದಲ್ಲ ಒಂದು ದಿನ ಸಂಚಾರ ಪೊಲೀಸರ ಚಲನ್ ಕೈಗೆ ಬರುವುದೂ ಉಂಟು. ಅದರಲ್ಲಿಯೂ ಹೆಡ್‌ಲೈಟ್ ಉರಿಯುತ್ತಿಲ್ಲ, ಬ್ರೇಕ್ ಲೈಟ್ ಕೆಟ್ಟಿದೆ, ದೀಪದ ಬೆಳಕು ಎದುರಿನವರ ಕಣ್ಣು ಕುಕ್ಕುತ್ತದೆ ಎಂಬ ಕಾರಣಗಳಿಗಾಗಿ ಬರುವ ಚಲನ್‌ಗಳನ್ನು ಕುರಿತು ನಮ್ಮವರಲ್ಲಿ ಗೊಂದಲ ಹೆಚ್ಚು. ಮೊತ್ತ ಸಣ್ಣದೆಂದು ಹಣ ಕಟ್ಟಿ ಸುಮ್ಮನಾಗುವವರು ಕೆಲವರು. ಸಿಟ್ಟಿನಿಂದ ಚಲನನ್ನು ಮೂಲೆಗೆಸೆದು ಮರೆಯುವವರು ಇನ್ನು ಕೆಲವರು. ಇವೆರಡೂ ಸರಿಯಾದ ದಾರಿಯಲ್ಲ. ದಂಡ ನ್ಯಾಯವಾದುದಾದರೆ ತೆತ್ತು ದೀಪವನ್ನು ಸರಿಪಡಿಸಿಕೊಳ್ಳಬೇಕು. ಅನ್ಯಾಯವಾದುದಾದರೆ ಕಾನೂನು ಕೊಟ್ಟಿರುವ ದಾರಿಯಲ್ಲಿಯೇ ಅದನ್ನು ಪ್ರಶ್ನಿಸಬೇಕು. ಈ ಎರಡನ್ನು ಬೇರ್ಪಡಿಸಿ ನೋಡಲು ಬೇಕಾದ ಮಾಹಿತಿಯನ್ನು ಓದುಗ ಬಾಂಧವರ ಉಪಯೋಗಕ್ಕಾಗಿ ಇಲ್ಲಿ ಒಂದೆಡೆ ಕೊಡಲು ಪ್ರಯತ್ನಿಸಿದ್ದೇವೆ.

ಕಾನೂನು ಏನನ್ನು ಅಪೇಕ್ಷಿಸುತ್ತದೆ?

ವಾಹನದ ದೀಪಗಳಿಗೆ ಸಂಬಂಧಿಸಿದ ಕಟ್ಟಳೆಗಳು ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿವೆ. ಇವು ದೇಶಕ್ಕೆಲ್ಲ ಒಂದೇ. ಮುಂಬಯಿಗೊಂದು, ಚೆನ್ನೈಗೊಂದು, ದೆಹಲಿಗೊಂದು ಎಂಬ ಭೇದವಿಲ್ಲ. ಇವುಗಳ ಪೈಕಿ ೧೦೫ನೆಯ ನಿಯಮ ಮುಖ್ಯವಾದುದು. ಸೂರ್ಯಾಸ್ತವಾಗಿ ಅರ್ಧ ಗಂಟೆಯ ಅನಂತರದಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನವರೆಗೆ, ಹಾಗೆಯೇ ಸಾಕಷ್ಟು ಬೆಳಕಿಲ್ಲದ ಯಾವುದೇ ಹೊತ್ತಿನಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಓಡುವ ವಾಹನದ ದೀಪಗಳು ಉರಿಯುತ್ತಿರಬೇಕು. ಮುಂದಿನ ದೀಪಗಳ ಬೆಳಕಿನಲ್ಲಿ ೧೫೫ ಮೀಟರ್ ದೂರದಲ್ಲಿರುವ ಜನರೂ ವಾಹನಗಳೂ ಸ್ಪಷ್ಟವಾಗಿ ಕಾಣಬೇಕು ಎಂದು ಅದು ವಿಧಿಸುತ್ತದೆ. ಕಾರಿಗೆ ಎರಡು ಅಥವಾ ನಾಲ್ಕು, ದ್ವಿಚಕ್ರ ವಾಹನಕ್ಕೆ ಒಂದು ಅಥವಾ ಎರಡು ಹೆಡ್‌ಲೈಟ್ ಇರಬೇಕು. ಹಿಂಭಾಗದಲ್ಲಿ ಕೆಂಪು ದೀಪವೂ ನೋಂದಣಿ ಸಂಖ್ಯೆಯನ್ನು ಬೆಳಗುವ ಬಿಳಿ ದೀಪವೂ ಇರಬೇಕು.

೧೦೬ನೆಯ ನಿಯಮ ಕಣ್ಣು ಕುಕ್ಕುವ ಬೆಳಕನ್ನು ಕುರಿತದ್ದು. ಎಂಟು ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣುಳ್ಳ ವ್ಯಕ್ತಿಗೆ ಕೋರೈಸದಂತೆ ದೀಪದ ಕಿರಣ ಕೆಳಮುಖವಾಗಿ ಬಾಗಿರಬೇಕೆಂಬುದು ಅದರ ತಾತ್ಪರ್ಯ. ೧೦೮ನೆಯ ನಿಯಮ ಮುಂದಕ್ಕೆ ಕೆಂಪು ಬೆಳಕು ತೋರುವುದನ್ನು ನಿರ್ಬಂಧಿಸುತ್ತದೆ. ಗಣ್ಯರ ವಾಹನಗಳ ಕೆಂಪು ದೀಪಕ್ಕಿದ್ದ ವಿನಾಯಿತಿಯೂ ೨೦೧೭ರ ಮೇ ತಿಂಗಳಿನಿಂದ ಇಲ್ಲವಾಯಿತು. ೧೧೧ನೆಯ ನಿಯಮ ಅನುಮತಿಯಿಲ್ಲದೆ ಸರ್ಚ್‌ಲೈಟ್, ಸ್ಪಾಟ್‌ಲೈಟ್ ಅಳವಡಿಸುವುದನ್ನು ನಿಷೇಧಿಸುತ್ತದೆ. ಇಂಡಿಕೇಟರ್ ಮತ್ತು ಬ್ರೇಕ್ ಲೈಟುಗಳ ಸಂಗತಿ ೧೦೨ನೆಯ ನಿಯಮದಲ್ಲಿದೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ೧೦೫ನೆಯ ನಿಯಮ ಹೊತ್ತನ್ನು ಅವಲಂಬಿಸಿದೆ. ಹಾಡುಹಗಲಿನಲ್ಲಿ, ಒಳ್ಳೆಯ ಬಿಸಿಲಿನಲ್ಲಿ ಹೆಡ್‌ಲೈಟ್ ಉರಿಸಲಿಲ್ಲವೆಂಬ ಮಾತ್ರಕ್ಕೆ ಅದರ ಉಲ್ಲಂಘನೆಯಾಗದು. ಆದರೆ ಬ್ರೇಕ್ ಲೈಟಿಗೂ ಇಂಡಿಕೇಟರಿಗೂ ಹಗಲು ರಾತ್ರಿಗಳ ಭೇದವಿಲ್ಲ. ಆದ್ದರಿಂದ "ಆಗ ಹಗಲಾಗಿತ್ತು" ಎಂಬ ಸಮರ್ಥನೆ ಹೆಡ್‌ಲೈಟಿಗೆ ಸಲ್ಲುತ್ತದೆ, ಬ್ರೇಕ್ ಲೈಟಿಗೆ ಸಲ್ಲುವುದಿಲ್ಲ. ಇನ್ನು, ೨೦೧೭ರ ಏಪ್ರಿಲ್ ೧ರಿಂದ ಬಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಆದೊಡನೆ ಹೆಡ್‌ಲೈಟ್ ತಾನಾಗಿ ಹೊತ್ತಿಕೊಳ್ಳುವ ವ್ಯವಸ್ಥೆ ಕಡ್ಡಾಯವಾಗಿದೆ. ಹಗಲಿನಲ್ಲಿ ದೀಪ ಉರಿಯುತ್ತಿರುವುದು ಆ ವಾಹನಗಳ ದೋಷವಲ್ಲ.

ಯಾವ ಕಲಂ, ಎಷ್ಟು ದಂಡ?

ಚಲನ್ ಕೈಗೆ ಬಂದೊಡನೆ ಮೊತ್ತಕ್ಕಿಂತ ಮೊದಲು ನೋಡಬೇಕಾದುದು ಕಲಮಿನ ಸಂಖ್ಯೆಯನ್ನು. ದೀಪದ ವಿಷಯದಲ್ಲಿ ೧೯೮೮ರ ಮೋಟಾರು ವಾಹನ ಕಾಯಿದೆಯ ಮೂರು ಕಲಂಗಳು ಸಾಮಾನ್ಯವಾಗಿ ಅನ್ವಯವಾಗುತ್ತವೆ.

ಮೊದಲನೆಯದು ೧೭೭ನೆಯ ಕಲಂ. ಬೇರೆ ಶಿಕ್ಷೆಯನ್ನು ಹೇಳಿರದ ನಿಯಮಭಂಗಗಳಿಗೆಲ್ಲ ಇದು ಅನ್ವಯಿಸುತ್ತದೆ. ೨೦೧೯ರ ತಿದ್ದುಪಡಿಗೆ ಮುಂಚೆ ಮೊದಲ ತಪ್ಪಿಗೆ ನೂರು ರೂಪಾಯಿಯವರೆಗೆ ಇದ್ದ ದಂಡ, ೨೦೧೯ರ ಸೆಪ್ಟೆಂಬರ್ ೧ರಿಂದ ಐನೂರು ರೂಪಾಯಿಯವರೆಗೆ ಏರಿತು. ಎರಡನೆಯ ಹಾಗೂ ಮುಂದಿನ ತಪ್ಪುಗಳಿಗೆ ಅದು ಸಾವಿರದ ಐನೂರು ರೂಪಾಯಿಯವರೆಗೆ ಹೋಗಬಹುದು.

ಎರಡನೆಯದು ೧೯೦ನೆಯ ಕಲಂ. ಅಪಾಯಕರ ಸ್ಥಿತಿಯಲ್ಲಿರುವ ವಾಹನವನ್ನು ಓಡಿಸಿದವರಿಗೂ, ಓಡಿಸಲು ಬಿಟ್ಟವರಿಗೂ ಇದು ಅನ್ವಯಿಸುತ್ತದೆ. ಇದರ ಒಂದನೆಯ ಉಪಕಲಮಿನಂತೆ ಸಾವಿರದ ಐನೂರು ರೂಪಾಯಿಯವರೆಗೆ ದಂಡವುಂಟು. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ ವಿಧಿಸಲ್ಪಡಬಹುದು. ರಸ್ತೆ ಸುರಕ್ಷತೆಯ ಮಾನದಂಡಗಳ ಉಲ್ಲಂಘನೆಯನ್ನು ಕುರಿತ ಎರಡನೆಯ ಉಪಕಲಂ ಇನ್ನೂ ಕಠಿಣವಾದುದು. ಅಲ್ಲಿ ಹತ್ತು ಸಾವಿರ ರೂಪಾಯಿಯವರೆಗಿನ ದಂಡವೂ ಮೂರು ತಿಂಗಳವರೆಗಿನ ಸೆರೆವಾಸವೂ ಇವೆ.

ಮೂರನೆಯದು ೧೮೨-ಎ ಕಲಮಿನ ನಾಲ್ಕನೆಯ ಉಪಕಲಂ. ಅನುಮತಿಯಿಲ್ಲದೆ ವಾಹನದ ರಚನೆಯನ್ನು ಬದಲಿಸಿದ ಮಾಲೀಕರಿಗೆ ಪ್ರತಿಯೊಂದು ಬದಲಾವಣೆಗೆ ಐದು ಸಾವಿರ ರೂಪಾಯಿಯವರೆಗೆ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸವನ್ನು ಇದು ಹೇಳುತ್ತದೆ. ಅಂಗಡಿಯಲ್ಲಿ ಹಾಕಿಸಿಕೊಂಡ ಹೆಚ್ಚುವರಿ ದೀಪಗಳ ಪ್ರಕರಣಗಳಲ್ಲಿ ಈ ಕಲಮನ್ನು ಕಾಣಬಹುದು.

ಮೇಲೆ ಹೇಳಿದವು ಕಾಯಿದೆಯಲ್ಲಿರುವ ಗರಿಷ್ಠ ಮೊತ್ತಗಳು. ಸ್ಥಳದಲ್ಲಿಯೇ ಹಣ ಕಟ್ಟಿ ಪ್ರಕರಣವನ್ನು ಮುಗಿಸಿಕೊಳ್ಳುವ ರಾಜಿ ಮೊತ್ತವನ್ನು ೨೦೦ನೆಯ ಕಲಮಿನಂತೆ ಆಯಾ ರಾಜ್ಯ ಸರಕಾರ ನಿಗದಿಪಡಿಸುತ್ತದೆ. ಹೀಗಾಗಿ ಒಂದೇ ತಪ್ಪಿಗೆ ಪುಣೆಯಲ್ಲಿ ಒಂದು ಮೊತ್ತ, ಹೈದರಾಬಾದಿನಲ್ಲಿ ಇನ್ನೊಂದು ಮೊತ್ತ ಇರುವುದು ಅಸಹಜವಲ್ಲ. ಅಷ್ಟಲ್ಲದೆ, ತಿದ್ದುಪಡಿಯ ಅನಂತರದ ಹೆಚ್ಚಿದ ಮೊತ್ತಗಳನ್ನು ಎಲ್ಲ ರಾಜ್ಯಗಳೂ ಒಂದೇ ಕಾಲಕ್ಕೆ ಜಾರಿಗೆ ತರಲಿಲ್ಲ. ಮಹಾರಾಷ್ಟ್ರದಲ್ಲಿ ಅವು ೨೦೨೧ರ ಡಿಸೆಂಬರಿನಲ್ಲಿ, ತಮಿಳುನಾಡಿನಲ್ಲಿ ೨೦೨೨ರ ಅಕ್ಟೋಬರಿನಲ್ಲಿ ಬಂದವು.

ಪ್ರಶ್ನಿಸಲು ಬಲವಾದ ಆಧಾರಗಳು

ಎಲ್ಲ ಚಲನ್‌ಗಳನ್ನೂ ಪ್ರಶ್ನಿಸಲು ಹೊರಡುವುದು ವಿವೇಕವಲ್ಲ. ರಾತ್ರಿಯಲ್ಲಿ ಹಿಂದಿನ ದೀಪವಿಲ್ಲದೆ ವಾಹನ ಓಡಿಸಿದ್ದು ನಿಜವಾಗಿದ್ದರೆ ದಂಡ ತೆರುವುದೇ ಸರಿ. ಹೆದ್ದಾರಿಯಲ್ಲಿ ಹಿಂದೀಪವಿಲ್ಲದ ವಾಹನ ಹಿಂದಿನಿಂದ ಬರುವವನ ಪಾಲಿಗೆ ಕಾಣದ ಗೋಡೆಯಿದ್ದಂತೆ. ಆದರೆ ಈ ಕೆಳಗಿನ ಸಂದರ್ಭಗಳಲ್ಲಿ ಆಕ್ಷೇಪಿಸಲು ನ್ಯಾಯವಾದ ಕಾರಣವಿರುತ್ತದೆ.

ಒಂದು, ದೀಪ ವಾಸ್ತವದಲ್ಲಿ ಉರಿಯುತ್ತಿತ್ತು. ಎರಡು, ಘಟನೆ ಹಗಲಿನಲ್ಲಿ ನಡೆದಿದ್ದು, ಹೆಡ್‌ಲೈಟ್ ಉರಿಸದಿದ್ದುದಕ್ಕಾಗಿ ಚಲನ್ ಬಂದಿದೆ. ಮೂರು, ಚಲನಿನಲ್ಲಿರುವ ವಾಹನ, ಸ್ಥಳ ಅಥವಾ ಸಮಯ ನಿಮ್ಮದಲ್ಲ; ನೋಂದಣಿ ಸಂಖ್ಯೆಯ ಒಂದು ಅಂಕಿ ತಪ್ಪಾಗಿ ದಾಖಲಾದರೂ ಹೀಗಾಗುತ್ತದೆ. ನಾಲ್ಕು, ಆ ದಿನಕ್ಕೆ ಮುಂಚೆಯೇ ವಾಹನವನ್ನು ಮಾರಿ, ಮಾಲೀಕತ್ವದ ವರ್ಗಾವಣೆಯ ಕ್ರಮ ಕೈಗೊಂಡಿದ್ದೀರಿ. ಐದು, ತಯಾರಕರೇ ಅಳವಡಿಸಿದ ದೀಪವನ್ನು ಅನಧಿಕೃತ ಬದಲಾವಣೆಯೆಂದು ಭಾವಿಸಲಾಗಿದೆ. ಆರು, ಒಂದೇ ಘಟನೆಗೆ ಎರಡು ಚಲನ್‌ಗಳು ಬಂದಿವೆ.

ಏಳನೆಯ ಆಧಾರವು ೧೯೦ನೆಯ ಕಲಮಿನ ಶಬ್ದಗಳಲ್ಲಿಯೇ ಅಡಗಿದೆ. ಓಡಿಸುವವರಿಗೆ ತಿಳಿದಿದ್ದ, ಅಥವಾ ಸಾಮಾನ್ಯ ಎಚ್ಚರ ವಹಿಸಿದ್ದರೆ ತಿಳಿಯಬಹುದಾಗಿದ್ದ ದೋಷಕ್ಕೆ ಮಾತ್ರ ಒಂದನೆಯ ಉಪಕಲಂ ಅನ್ವಯಿಸುತ್ತದೆ. ಜೊತೆಗೆ ಆ ದೋಷ ಇತರರಿಗೆ ಅಪಾಯ ತರುವಂತಹದೂ ಆಗಿರಬೇಕು. ಉದಾಹರಣೆಗೆ, ಸಂಜೆ ಹೊರಡುವಾಗ ದೀಪಗಳನ್ನೆಲ್ಲ ನೋಡಿಕೊಂಡು ಹೊರಟ ಕುಟುಂಬದ ಕಾರಿನ ಹಿಂದಿನ ಬಲ್ಬು ದಾರಿಯ ಮಧ್ಯದಲ್ಲಿ ಸುಟ್ಟುಹೋಯಿತೆಂದು ಊಹಿಸೋಣ. ಒಳಗೆ ಕುಳಿತ ಚಾಲಕರಿಗೆ ಅದು ಕಾಣುವಂತಹದಲ್ಲ. ಇಂತಹ ಪ್ರಸಂಗದಲ್ಲಿ ಈ ಮಾತನ್ನು ದಂಡಾಧಿಕಾರಿಗಳ ಮುಂದಿಡಲು ಅವಕಾಶವಿದೆ. ಆದರೆ ತಿಂಗಳುಗಳಿಂದ ಒಡೆದಿರುವ ದೀಪಕ್ಕೆ ಇದೇ ಮಾತನ್ನು ಹೇಳಿದರೆ ಅದು ನಿಲ್ಲುವುದಿಲ್ಲ.

"ಮರುದಿನವೇ ರಿಪೇರಿ ಮಾಡಿಸಿದೆ" ಎಂಬುದು ತಪ್ಪನ್ನು ಅಳಿಸುವುದಿಲ್ಲ. ದೀಪವನ್ನು ಸರಿಪಡಿಸಿ ತೋರಿಸಿದರೆ ಚಲನ್ ತಾನಾಗಿ ರದ್ದಾಗುವ ಪದ್ಧತಿ ಕೆಲವು ಪರದೇಶಗಳಲ್ಲಿ ಇದೆಯಾದರೂ ನಮ್ಮ ಕಾಯಿದೆಯಲ್ಲಿ ಅದಕ್ಕೆ ಅವಕಾಶ ಕಲ್ಪಿಸಿಲ್ಲ. ಆದರೂ ರಿಪೇರಿಯ ರಸೀದಿ ನಿಷ್ಪ್ರಯೋಜಕವಲ್ಲ. ಕಾಯಿದೆ ಹೇಳುವುದು ಗರಿಷ್ಠ ದಂಡವನ್ನಾದ್ದರಿಂದ, ಎಷ್ಟು ವಿಧಿಸಬೇಕೆಂಬುದರಲ್ಲಿ ನ್ಯಾಯಾಲಯಕ್ಕೆ ವಿವೇಚನೆಯಿದೆ. ಆಗ ಈ ರಸೀದಿ ಸಹಾಯಕ್ಕೆ ಬರುತ್ತದೆ.

ಸ್ಥಳದಲ್ಲಿ ಮಾಡಬೇಕಾದುದು

ಪೊಲೀಸರು ತಡೆದಾಗ ವಾದಕ್ಕಿಳಿಯದೆ ವಾಹನವನ್ನು ಬದಿಗೆ ನಿಲ್ಲಿಸಬೇಕು. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಚಾಲನಾ ಪರವಾನಗಿ ಕೇಳಿದರೆ ತೋರಿಸುವುದು ಕರ್ತವ್ಯ. ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ದಾಖಲೆಗಳಿಗೂ ಮಾನ್ಯತೆಯಿದೆ. ಅನಂತರ ದೀಪದ ಗುಂಡಿಯನ್ನು ಒತ್ತಿ, ಯಾವ ದೀಪ ಉರಿಯುತ್ತಿದೆ, ಯಾವುದು ಇಲ್ಲ ಎಂಬುದನ್ನು ಅಧಿಕಾರಿಯ ಸಮಕ್ಷಮದಲ್ಲಿಯೇ ನೋಡಬೇಕು. ದೀಪ ಸರಿಯಾಗಿದ್ದರೆ ಮೊಬೈಲಿನಲ್ಲಿ ವಾಹನದ ಸಂಖ್ಯೆ, ದೀಪ, ಸುತ್ತಲಿನ ಸ್ಥಳ ಮೂರೂ ಕಾಣುವಂತೆ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಚಲನಿನಲ್ಲಿ ಕಲಂ, ಹೊತ್ತು, ಸ್ಥಳ ಸರಿಯಾಗಿ ನಮೂದಾಗಿವೆಯೇ ಎಂದು ಅಲ್ಲಿಯೇ ಓದಿಕೊಳ್ಳಬೇಕು.

ಪ್ರಶ್ನಿಸುವ ಮನಸ್ಸಿದ್ದರೆ ಸ್ಥಳದಲ್ಲಿ ಹಣ ಕಟ್ಟಬಾರದು. ಹಣ ಕಟ್ಟುವುದೆಂದರೆ ರಾಜಿಗೆ ಒಪ್ಪಿದಂತೆ. ಪ್ರಕರಣ ಅಲ್ಲಿಗೆ ಮುಗಿಯುತ್ತದೆ. "ಈಗ ಕಟ್ಟಿ, ಆಮೇಲೆ ಕೇಳೋಣ" ಎಂಬ ಯೋಚನೆಯಿಂದ ಬಹುಮಂದಿ ತಮ್ಮ ಹಕ್ಕನ್ನು ಕಳೆದುಕೊಳ್ಳುತ್ತಾರೆ. ರಸೀದಿಯಿಲ್ಲದೆ ಹಣ ಕೊಡುವುದಂತೂ ಯಾವ ಕಾರಣಕ್ಕೂ ಸಲ್ಲದು.

ವಾಹನವನ್ನು ಜಪ್ತಿ ಮಾಡುವ ಅಧಿಕಾರವನ್ನು ಕೊಡುವ ೨೦೭ನೆಯ ಕಲಂ ಪರವಾನಗಿಯಿಲ್ಲದ ಚಾಲನೆ, ನೋಂದಣಿ ಅಥವಾ ಪರ್ಮಿಟ್ ಇಲ್ಲದಿರುವಿಕೆ ಮುಂತಾದವನ್ನು ಹೆಸರಿಸುತ್ತದೆ. ಬಲ್ಬು ಕೆಟ್ಟಿರುವುದು ಆ ಪಟ್ಟಿಯಲ್ಲಿಲ್ಲ. ಆದರೂ ದೀಪವಿಲ್ಲದ ವಾಹನವನ್ನು ರಾತ್ರಿ ಮುಂದಕ್ಕೆ ಓಡಿಸುವ ಹಟ ಬೇಡ. ಚಲನ್ ಬಂದ ಮೇಲೂ ಅದೇ ಸ್ಥಿತಿಯಲ್ಲಿ ಓಡಿಸಿದರೆ, ದೋಷ ತಿಳಿದಿರಲಿಲ್ಲವೆಂಬ ಸಮರ್ಥನೆ ಉಳಿಯುವುದಿಲ್ಲ.

ಆಕ್ಷೇಪಣೆಯ ಹಂತಗಳು

ಮೊದಲ ಹಂತ ಇಲಾಖೆಗೆ ದೂರು. ಕೇಂದ್ರ ಸರಕಾರದ ಇ-ಚಲನ್ ತಾಣದಲ್ಲಿಯೂ, ಮಹಾರಾಷ್ಟ್ರ, ತೆಲಂಗಾಣ ಮೊದಲಾದ ರಾಜ್ಯಗಳ ಸಂಚಾರ ಪೊಲೀಸರ ಸ್ವಂತ ತಾಣಗಳಲ್ಲಿಯೂ ದೂರು ಸಲ್ಲಿಸುವ ವ್ಯವಸ್ಥೆಯಿದೆ. ದೂರಿನಲ್ಲಿ ಚಲನ್ ಸಂಖ್ಯೆ, ವಾಹನದ ಸಂಖ್ಯೆ, ದಿನಾಂಕ, ಸ್ಥಳ, ಹೊತ್ತು ಬರೆದು, ಚಲನ್ ಏಕೆ ತಪ್ಪೆಂಬುದನ್ನು ನಾಲ್ಕು ಸಾಲುಗಳಲ್ಲಿ ತಿಳಿಸಿ, ಚಿತ್ರ ಮತ್ತು ರಸೀದಿಗಳನ್ನು ಲಗತ್ತಿಸಬೇಕು. ರಸ್ತೆ ಹಾಳಾಗಿದೆ, ಇತರರನ್ನು ಹಿಡಿಯುವುದಿಲ್ಲ ಎಂಬಂತಹ ಮಾತುಗಳು ದೂರನ್ನು ದುರ್ಬಲಗೊಳಿಸುತ್ತವೆ. ಸಲ್ಲಿಸಿದ ದೂರಿನ ಸಂಖ್ಯೆಯನ್ನು ಕಾದಿರಿಸಿಕೊಳ್ಳಬೇಕು.

ಕ್ಯಾಮೆರಾ ಹಿಡಿದ ಚಿತ್ರದ ಆಧಾರದ ಮೇಲೆ ಬಂದ ಚಲನ್ ಆಗಿದ್ದರೆ, ೨೦೨೧ರ ಆಗಸ್ಟಿನಲ್ಲಿ ಸೇರಿಸಲಾದ ೧೬೭-ಎ ನಿಯಮವನ್ನು ಗಮನಿಸಬೇಕು. ಉಪಕರಣಕ್ಕೆ ಅನುಮೋದನೆಯ ಪ್ರಮಾಣಪತ್ರವಿರಬೇಕು, ಅದು ಪ್ರತಿವರ್ಷ ನವೀಕರಣಗೊಳ್ಳಬೇಕು ಎಂಬುದು ಅದರ ಮುಖ್ಯಾಂಶ. ಚಿತ್ರದಲ್ಲಿ ಕಾಣುವುದು ನಿಮ್ಮ ವಾಹನವೇ, ಆ ದೀಪವೇ ಎಂದು ಮೊದಲು ಪರಿಶೀಲಿಸಬೇಕು.

ಆಕ್ಷೇಪಣೆಗೆ ಇರುವ ಕಾಲಾವಧಿಯ ನಿಯಮಗಳು ಇತ್ತೀಚಿನ ವರ್ಷಗಳಲ್ಲಿ ಬಿಗಿಯಾಗುತ್ತಿವೆ. ಆದಕಾರಣ ಪರಿಚಿತರ ಹಳೆಯ ಅನುಭವವನ್ನು ನೆಚ್ಚದೆ, ಚಲನಿನಲ್ಲಿಯೂ ತಾಣದಲ್ಲಿಯೂ ಕೊಟ್ಟಿರುವ ಗಡುವನ್ನೇ ಪ್ರಮಾಣವಾಗಿ ಹಿಡಿದು, ಬಂದ ವಾರದೊಳಗೇ ದೂರು ಸಲ್ಲಿಸುವುದು ಕ್ಷೇಮ.

ನ್ಯಾಯಾಲಯದಲ್ಲಿ

ಇಲಾಖೆ ದೂರನ್ನು ಒಪ್ಪದಿದ್ದರೆ, ಹಣವೂ ಸಂದಾಯವಾಗದಿದ್ದರೆ, ಪ್ರಕರಣ ದಂಡಾಧಿಕಾರಿಗಳ ನ್ಯಾಯಾಲಯಕ್ಕೆ ಹೋಗುತ್ತದೆ. ದೆಹಲಿಯಲ್ಲಿ ೨೦೧೯ರ ಜುಲೈ ತಿಂಗಳಲ್ಲಿ ಆರಂಭವಾದ ವರ್ಚುವಲ್ ನ್ಯಾಯಾಲಯದ ವ್ಯವಸ್ಥೆ ಅನಂತರ ಮಹಾರಾಷ್ಟ್ರ, ತಮಿಳುನಾಡು, ಕರ್ನಾಟಕ ಸೇರಿದಂತೆ ಹಲವು ರಾಜ್ಯಗಳಿಗೆ ಹಬ್ಬಿದೆ. ಅಲ್ಲಿ ಮೊಬೈಲಿಗೆ ಸಂದೇಶ ಬಂದಾಗ ಎರಡು ದಾರಿಗಳು ತೆರೆದಿರುತ್ತವೆ: ತಪ್ಪೊಪ್ಪಿಕೊಂಡು ದಂಡ ಕಟ್ಟುವುದು, ಅಥವಾ ಪ್ರಕರಣವನ್ನು ಎದುರಿಸುತ್ತೇನೆಂದು ತಿಳಿಸುವುದು. ಎರಡನೆಯದನ್ನು ಆರಿಸಿಕೊಂಡರೆ ಪ್ರಕರಣವು ಆ ಪ್ರದೇಶದ ಸಾಮಾನ್ಯ ನ್ಯಾಯಾಲಯಕ್ಕೆ ವರ್ಗವಾಗುತ್ತದೆ.

ಕಾಯಿದೆಯ ೨೦೮ನೆಯ ಕಲಮಿನ ಪ್ರಕಾರ ನ್ಯಾಯಾಲಯಕ್ಕೆ ಸ್ವತಃ ಹಾಜರಾಗಬಹುದು, ವಕೀಲರ ಮೂಲಕವೂ ಹಾಜರಾಗಬಹುದು. ಐನೂರು ರೂಪಾಯಿಯ ಪ್ರಕರಣಕ್ಕೆ ವಕೀಲರು ಅನಿವಾರ್ಯವಲ್ಲ. ಆರೋಪವನ್ನು ಓದಿ ಹೇಳಿದಾಗ ಒಪ್ಪಿಗೆಯಿಲ್ಲವೆಂದು ಸ್ಪಷ್ಟವಾಗಿ ತಿಳಿಸಬೇಕು. ಅನಂತರ ಆರೋಪವನ್ನು ರುಜುವಾತುಪಡಿಸುವ ಹೊಣೆ ಪೊಲೀಸರದು. ಅವರು ಮುಂದಿಡುವ ವಿದ್ಯುನ್ಮಾನ ದಾಖಲೆಗಳಿಗೆ ೨೦೨೩ರ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಕಲಂ ಪ್ರಮಾಣಪತ್ರವನ್ನು ಅಪೇಕ್ಷಿಸುತ್ತದೆ. ನೀವು ಮೊಬೈಲ್ ಚಿತ್ರಗಳನ್ನು ಹಾಜರುಪಡಿಸುವಾಗಲೂ ಇದೇ ಕಟ್ಟಳೆ ಅನ್ವಯಿಸುವುದರಿಂದ ಮೂಲ ಚಿತ್ರವನ್ನು ಅಳಿಸಬಾರದು.

ಹಳೆಯ ಚಲನ್‌ಗಳ ವಿಷಯದಲ್ಲಿ ಕಾಲಮಿತಿಯ ಪ್ರಶ್ನೆಯೂ ಇದೆ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೫೧೪ನೆಯ ಕಲಮಿನಂತೆ, ದಂಡ ಮಾತ್ರ ವಿಧಿಸಬಹುದಾದ ಅಪರಾಧವನ್ನು ಆರು ತಿಂಗಳು ಕಳೆದ ಮೇಲೆ ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ದೂರು ದಾಖಲಾದ ದಿನವನ್ನು ಇದಕ್ಕೆ ಲೆಕ್ಕ ಹಿಡಿಯಲಾಗುತ್ತದೆ. ವಿಳಂಬಕ್ಕೆ ತಕ್ಕ ಕಾರಣವಿದ್ದರೆ ಅದನ್ನು ಮನ್ನಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿಯೂ ಆರು ತಿಂಗಳ ಈ ಮಿತಿಯಿತ್ತು. ಹಲವು ವರ್ಷಗಳ ಹಿಂದಿನ ಚಲನಿಗೆ ಈಗ ಸಮನ್ಸ್ ಬಂದರೆ ಈ ಅಂಶವನ್ನು ವಕೀಲರಲ್ಲಿ ವಿಚಾರಿಸುವುದು ಒಳ್ಳೆಯದು.

ಲೋಕ ಅದಾಲತ್ ಮತ್ತು ರಿಯಾಯಿತಿ

ಲೋಕ ಅದಾಲತ್‌ನಲ್ಲಿ ಮೊತ್ತ ಕಡಿಮೆಯಾಗಬಹುದು, ಅಲೆದಾಟವೂ ಕಡಿಮೆ. ಆದರೆ ಅದು ರಾಜಿಯ ವೇದಿಕೆಯೇ ಹೊರತು ಸರಿ ತಪ್ಪುಗಳ ವಿಚಾರಣೆಯ ಸ್ಥಳವಲ್ಲ. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಅಲ್ಲಿನ ತೀರ್ಪು ಅಂತಿಮ, ಮೇಲ್ಮನವಿಯಿಲ್ಲ. ರಾಜ್ಯ ಸರಕಾರಗಳು ಆಗಾಗ ಕೊಡುವ ರಿಯಾಯಿತಿಗಳೂ ಅಂತಹವೇ. ತೆಲಂಗಾಣ ೨೦೨೨ರ ಮಾರ್ಚಿನಲ್ಲಿ, ಕರ್ನಾಟಕ ೨೦೨೩ರ ಫೆಬ್ರವರಿಯಲ್ಲಿ ಬಾಕಿ ಚಲನ್‌ಗಳಿಗೆ ಇಂತಹ ರಿಯಾಯಿತಿ ಕೊಟ್ಟವು. ತಪ್ಪು ನಿಜವಾಗಿದ್ದವರಿಗೆ ಇವು ಅನುಕೂಲ. ತಪ್ಪೇ ಮಾಡದವರು ಅರ್ಧ ಬೆಲೆಗೆ ತಪ್ಪನ್ನು ಒಪ್ಪಿಕೊಳ್ಳಬೇಕೇ ಎಂಬುದನ್ನು ತಾವೇ ಯೋಚಿಸಬೇಕು. ಏಕೆಂದರೆ ೧೭೭ನೆಯ ಕಲಮಿನಲ್ಲಿ ಎರಡನೆಯ ತಪ್ಪಿನ ದಂಡ ಮೊದಲನೆಯದರ ಮೂರರಷ್ಟು.

ಹೊರನಾಡಿನವರು ವಿಶೇಷವಾಗಿ ಗಮನಿಸಬೇಕಾದುದು

ಕರ್ನಾಟಕದಲ್ಲಿ ನೋಂದಣಿಯಾದ ವಾಹನವನ್ನು ಊರಿನಿಂದ ತಂದು ಇಲ್ಲಿ ಬಳಸುತ್ತಿರುವವರು ನಮ್ಮಲ್ಲಿ ಅನೇಕರಿದ್ದಾರೆ. ೪೭ನೆಯ ಕಲಮಿನಂತೆ ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗೆ ಮೀರಿ ವಾಹನವಿಟ್ಟುಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ದೀಪಕ್ಕಾಗಿ ತಡೆದಾಗ ಈ ಸಂಗತಿಯೂ ಹೊರಬೀಳಬಹುದು.

ಇನ್ನೊಂದು ತೊಡಕು ಮೊಬೈಲ್ ಸಂಖ್ಯೆಯದು. ವಾಹನದ ದಾಖಲೆಯಲ್ಲಿ ಹಳೆಯ ಸಂಖ್ಯೆ, ಊರಿನ ವಿಳಾಸ ಉಳಿದಿದ್ದರೆ ಚಲನಿನ ಸಂದೇಶ ನಿಮಗೆ ತಲುಪುವುದೇ ಇಲ್ಲ. ಗಡುವು ಮುಗಿದ ಮೇಲೆ ಸಮನ್ಸ್ ಊರಿನಲ್ಲಿರುವ ತಂದೆ ತಾಯಿಯರ ಮನೆಗೆ ಹೋಗುತ್ತದೆ. ಪರಿವಾಹನ್ ತಾಣದಲ್ಲಿ ಇವನ್ನು ತಿದ್ದಿಸಿಕೊಳ್ಳುವುದು ಇಂದೇ ಮಾಡಬಹುದಾದ ಕೆಲಸ. ಮಗನ ಕಾರು ತಂದೆಯ ಹೆಸರಿನಲ್ಲಿದ್ದರೆ ಚಲನ್ ತಂದೆಗೆ ಬರುತ್ತದೆ. ಓಡಿಸಿದವರು ಯಾರೆಂದು ಪೊಲೀಸರು ಕೇಳಿದರೆ ತಿಳಿಸುವ ಹೊಣೆಯನ್ನು ೧೩೩ನೆಯ ಕಲಂ ಮಾಲೀಕರ ಮೇಲಿಟ್ಟಿದೆ.

ಭಾಷೆಯ ಅಳುಕಿನಿಂದ ಹಿಂಜರಿಯುವವರಿಗೆ ಒಂದು ಮಾತು. ನ್ಯಾಯಾಲಯದಲ್ಲಿ ನುಡಿಯುವ ಸಾಕ್ಷ್ಯ ಆರೋಪಿಗೆ ತಿಳಿಯದ ಭಾಷೆಯಲ್ಲಿದ್ದರೆ, ಅದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂಬುದು ಕಾನೂನು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಪಡೆಯುವ ಹಕ್ಕೂ ಇದೆ.

ನಕಲಿ ಚಲನ್‌ಗಳ ಬಗ್ಗೆಯೂ ಎಚ್ಚರ ಅಗತ್ಯ. ವಾಟ್ಸಾಪ್ ಮೂಲಕ ಬಂದ ಕೊಂಡಿಯನ್ನು ಒತ್ತಿ ಹಣ ಕಳೆದುಕೊಂಡ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ಸಂದೇಶದ ಕೊಂಡಿಯನ್ನು ಬಳಸದೆ, ಸರಕಾರಿ ತಾಣವನ್ನು ತಾವೇ ತೆರೆದು ವಾಹನದ ಸಂಖ್ಯೆ ಕೊಟ್ಟು ನೋಡಬೇಕು.

ದೀಪಗಳ ಆರೈಕೆ

ಸಾಮಾನ್ಯ ಹ್ಯಾಲೋಜನ್ ಹೆಡ್‌ಲೈಟ್ ಬಲ್ಬುಗಳಲ್ಲಿ ಬಹುಪಾಲು ೬೦/೫೫ ವಾಟ್‌ನವು. ಒಂದೇ ಬಲ್ಬಿನಲ್ಲಿ ಹೈ ಬೀಮ್, ಲೋ ಬೀಮ್‌ಗಳಿಗೆ ಎರಡು ಬೇರೆ ತಂತಿಗಳಿರುತ್ತವೆ. ಒಂದು ಸುಟ್ಟರೂ ಇನ್ನೊಂದು ಉರಿಯುವುದರಿಂದ ದೀಪ ಸರಿಯಾಗಿದೆಯೆಂಬ ಭ್ರಮೆ ಉಂಟಾಗುತ್ತದೆ. ಹಿಂದಿನ ದೀಪದ ಬಲ್ಬಿನಲ್ಲಿಯೂ ಬಹಳ ವಾಹನಗಳಲ್ಲಿ ಹೀಗೆಯೇ. ಬ್ರೇಕ್ ಒತ್ತಿದಾಗ ಬೆಳಗುವ ದೀಪ, ಬರಿದೆ ಓಡುವಾಗ ಆರಿರಬಹುದು. ಆದ್ದರಿಂದ ಎರಡನ್ನೂ ಪ್ರತ್ಯೇಕವಾಗಿ ನೋಡಬೇಕು. ಇಂಡಿಕೇಟರಿನ ಟಿಕ್ ಟಿಕ್ ಸದ್ದು ಎಂದಿಗಿಂತ ಬೇಗ ಬೇಗ ಬರುತ್ತಿದ್ದರೆ, ಒಂದು ಬಲ್ಬು ಹೋಗಿದೆಯೆಂದು ಸಾಮಾನ್ಯವಾಗಿ ತಿಳಿಯಬಹುದು. ಒಂಟಿಯಾಗಿರುವವರು ವಾಹನದ ಹಿಂಭಾಗವನ್ನು ಗೋಡೆಯ ಕಡೆಗಿಟ್ಟು ಬ್ರೇಕ್ ಒತ್ತಿದರೆ ಕೆಂಪು ಬೆಳಕು ಗೋಡೆಯ ಮೇಲೆ ಕಾಣುತ್ತದೆ. ಮುಂಬಯಿಯ ಮಳೆಗಾಲದಲ್ಲಿ ದೀಪದೊಳಗೆ ತೇವ ಸೇರುವುದೂ ಸಂಪರ್ಕಗಳು ತುಕ್ಕು ಹಿಡಿಯುವುದೂ ಸಾಮಾನ್ಯ. ಜೂನ್ ತಿಂಗಳಿಗೆ ಮುಂಚೆ ಒಮ್ಮೆ ಪರೀಕ್ಷಿಸಿಕೊಳ್ಳಬೇಕು. ಹೆಚ್ಚು ವಾಟ್‌ನ ಬಲ್ಬುಗಳ ಆಸೆ ಬೇಡ. ಅವು ಎದುರಿನವರ ಕಣ್ಣನ್ನು ಕುಕ್ಕುವುದಲ್ಲದೆ ನಮ್ಮದೇ ವಾಹನದ ತಂತಿಗಳನ್ನೂ ಕಾಯಿಸುತ್ತವೆ.

ವಾರಕ್ಕೊಮ್ಮೆ ಎರಡು ನಿಮಿಷ ಮೀಸಲಿಟ್ಟರೆ ಕಾನೂನು ಹೇಳುವ ಸಾಮಾನ್ಯ ಎಚ್ಚರವನ್ನು ಪಾಲಿಸಿದಂತಾಗುತ್ತದೆ; ಮುಂದೆ ಪ್ರಕರಣ ಬಂದರೆ ನಿಮ್ಮ ಮಾತಿಗೆ ತೂಕವೂ ಬರುತ್ತದೆ.

ಇಲ್ಲಿ ಕೊಟ್ಟಿರುವುದು ಸಾಮಾನ್ಯ ತಿಳಿವಳಿಕೆ ಮಾತ್ರ. ಸೆರೆವಾಸದ ಸಂಭವವಿರುವ ಅಥವಾ ಅಪಘಾತಕ್ಕೆ ಸಂಬಂಧಿಸಿದ ಪ್ರಕರಣಗಳಲ್ಲಿ ವಕೀಲರ ಸಲಹೆ ಅವಶ್ಯ. ನ್ಯಾಯವಾದ ದಂಡವನ್ನು ತೆರುವುದು, ತಪ್ಪಾದ ದಂಡವನ್ನು ವಿನಯದಿಂದ ಪ್ರಶ್ನಿಸುವುದು, ಇವೆರಡೂ ನಾವು ನೆಲೆಸಿರುವ ನಗರಕ್ಕೆ ನಾವು ಸಲ್ಲಿಸುವ ನಾಗರಿಕ ಕರ್ತವ್ಯಗಳೇ. ಈ ಮಾಹಿತಿಯನ್ನು ವಾಹನ ಓಡಿಸಲು ಈಗಷ್ಟೇ ಕಲಿತಿರುವ ಮನೆಯ ಕಿರಿಯರಿಗೂ ಓದಿ ಹೇಳಬೇಕೆಂದು ಬಾಂಧವರಲ್ಲಿ ವಿನಂತಿಸುತ್ತೇವೆ.